ಆಪರೇಷನ್ ಆದ ಎರಡನೇ ವರ್ಷ: ತಾಟು, ಹೊತ್ತು, ನಡಿಗೆ

ತೂಕ ಇಳಿಸುವ ಆಪರೇಷನ್ ಆದ ಮೊದಲ ವರ್ಷ ಹುರುಪು ತಾನಾಗಿಯೇ ಇರುತ್ತದೆ. ವಾರವಾರ ತೂಕದ ಕಾಟಾ ಇಳಿಯುತ್ತದೆ, ಅಂಗಿ ಸಡಿಲಾಗುತ್ತದೆ, ಹಸಿವು ಇರುವುದೇ ಇಲ್ಲ. ಇದರಲ್ಲೇ ಒಂದು ಬಗೆಯಾದ ಸ್ಲೀವ್ ಆಪರೇಷನ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ. ಹಸಿವು ಎಬ್ಬಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಹಾಗೆ ತೆಗೆದ ಭಾಗದಲ್ಲೇ. ಕಷ್ಟ ಶುರುವಾಗುವುದು ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ. ಹಸಿವು ಮರಳುತ್ತದೆ, ಉಳಿದ ಜಠರ ಸ್ವಲ್ಪ ಹಿಗ್ಗುತ್ತದೆ, ಕಾಟಾ ನಿಂತುಬಿಡುತ್ತದೆ, ಹೊಗಳುತ್ತಿದ್ದವರೂ ಸುಮ್ಮನಾಗುತ್ತಾರೆ. ಆಗ ಹುರುಪನ್ನು ನಂಬಿ ಕೂತರೆ ಆಗುವುದಿಲ್ಲ. ಹಸಿವಿಲ್ಲದ ತಿಂಗಳುಗಳಲ್ಲೇ ತಾಟು, ಊಟದ ಹೊತ್ತು, ನಡಿಗೆ ಮೂರನ್ನೂ ರೂಢಿ ಮಾಡಿಕೊಂಡರೆ ಮನಸ್ಸಿಲ್ಲದ ದಿನವೂ ಅವು ನಡೆದುಹೋಗುತ್ತವೆ. ಕಲಬುರಗಿಯ ಅಡುಗೆ, ಬಿಸಿಲು, ಜಾತ್ರೆಗಳ ನಡುವೆ ನಾನು ಅವನ್ನು ಹೊಂದಿಸಿಕೊಂಡಿರುವ ಬಗೆ ಇದು. ಮೊದಲ ಆರೆಂಟು ವಾರದ ನೀರು, ಗಂಜಿ, ಮೆತ್ತನೆ ಊಟದ ಹಂತಗಳನ್ನು ಇಲ್ಲಿ ಬಿಟ್ಟಿದ್ದೇನೆ. ಅದು ನಿಮ್ಮ ಡಾಕ್ಟರು ಬರೆದುಕೊಟ್ಟಂತೆಯೇ ಆಗಬೇಕು.

ತಾಟಿನಿಂದ ಶುರು ಮಾಡೋಣ. ಊಟದ ಗಂಗಾಳ ಬಿಟ್ಟು ನಾಷ್ಟಾದ ಸಣ್ಣ ತಾಟು ಇಟ್ಟುಕೊಂಡಿದ್ದೇನೆ. ತಿನ್ನುವ ಕ್ರಮ ಬದಲಾಗುವುದಿಲ್ಲ: ಮೊದಲು ಪ್ರೋಟೀನು, ಆಮೇಲೆ ಕಾಯಿಪಲ್ಯ, ಕೊನೆಗೆ ಜಾಗ ಉಳಿದರೆ ರೊಟ್ಟಿ. ನಮ್ಮ ಕಡೆ ಊಟ ನಡೆಯುವುದು ಇದಕ್ಕೆ ಉಲ್ಟಾ. ಮೊದಲು ರೊಟ್ಟಿ ಮುರಿಯುತ್ತೇವೆ, ಪಲ್ಯ ಅದಕ್ಕೆ ಹಚ್ಚಿಕೊಳ್ಳಲು ಅಷ್ಟೇ. ಹಾಗೆ ತಿಂದರೆ ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿ, ಬ್ಯಾಳಿ ತಾಟಿನಲ್ಲೇ ಉಳಿಯುತ್ತದೆ.

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕು ಎಂದು ಡಯೆಟಿಷಿಯನ್‌ಗಳು ಹೇಳುತ್ತಾರೆ. ಅಷ್ಟು ಸಿಗದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ಕರಗಿದರೆ ದೇಹ ಕೂತಲ್ಲೇ ಸುಡುವ ಕ್ಯಾಲೊರಿ ತಗ್ಗುತ್ತದೆ, ಮುಂದೆ ಅಷ್ಟೇ ತಿಂದರೂ ತೂಕ ಏರುತ್ತದೆ. ಬೇಯಿಸಿದ ಮೇಲೆ ಅಳೆದರೆ ನೀರಿನ ಪ್ರಮಾಣ ಲೆಕ್ಕ ಕೆಡಿಸುತ್ತದೆ, ಹಾಗಾಗಿ ನಾನು ಕಾಳು ಬೇಳೆಗಳನ್ನು ಒಣಗಿದ್ದಾಗಲೇ ತೂಗುತ್ತೇನೆ. 35 ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 8 ಗ್ರಾಂ ಪ್ರೋಟೀನು ಇದೆ, 30 ಗ್ರಾಂ ಮಡಿಕೆ ಕಾಳಿನಲ್ಲಿ 7, ಎರಡು ತತ್ತಿಯಲ್ಲಿ 12, 50 ಗ್ರಾಂ ಪನೀರಿನಲ್ಲಿ 9, 25 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 13. ಬೆಂದ ಕೋಳಿ 60 ಗ್ರಾಂ ಆದರೆ ಸುಮಾರು 16. ನನ್ನ ಮಾಮೂಲಿ ದಿನ ಹೀಗೆ: ಮುಂಜಾನೆ ಎರಡು ತತ್ತಿ; ಹತ್ತೂವರೆಗೆ ಒಂದು ಸ್ಕೂಪ್ ಪ್ರೋಟೀನ್ ಪುಡಿ ನೀರಿನಲ್ಲಿ, ಅದರಿಂದ 20 ಗ್ರಾಂ; ಮಧ್ಯಾಹ್ನ ಗಟ್ಟಿ ಬ್ಯಾಳಿ ಮತ್ತು ಪನೀರು; ನಾಲ್ಕೂವರೆಗೆ ಮೊಳಕೆ ಬರಿಸಿದ ಮಡಿಕೆಯ ಉಸುಳಿ; ರಾತ್ರಿ ಸೋಯಾ ಇಲ್ಲವೇ ಕೋಳಿ. ಕೂಡಿಸಿದರೆ 70ರ ಹತ್ತಿರ ಬರುತ್ತದೆ. ಬರೀ ಬ್ಯಾಳಿಯಿಂದಲೇ ಇಷ್ಟು ತುಂಬಿಸಬೇಕೆಂದರೆ ದಿನಕ್ಕೆ 300 ಗ್ರಾಂ ಬೇಳೆ ಬೇಕಾಗುತ್ತದೆ, ಅಷ್ಟು ಈ ಹೊಟ್ಟೆಯಲ್ಲಿ ಹಿಡಿಯುವುದಿಲ್ಲ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ, ರುಚಿಗೆ ಸಾಟಿಯಿಲ್ಲ. ಆದರೆ ಅದನ್ನು ತಿಳಿಸಾರು ಮಾಡಿ ಕುಡಿದರೆ ಸಿಗುವುದು ಹೆಚ್ಚಾಗಿ ನೀರು, ಉಪ್ಪು, ಖಾರ. ಚಮಚ ನಿಲ್ಲುವಷ್ಟು ಗಟ್ಟಿ ಇರಬೇಕು.

ರೊಟ್ಟಿ ಬಿಡಬೇಕಾಗಿಲ್ಲ. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ, 5 ಗ್ರಾಂ ಪ್ರೋಟೀನು. ನನಗೆ ದಿನಕ್ಕೆ ಒಂದು, ಎರಡು ಹೊತ್ತಿಗೆ ಅರ್ಧರ್ಧ. ಮೆತ್ತನೆ ಬಿಸಿ ರೊಟ್ಟಿಗಿಂತ ಖಡಕ್ ರೊಟ್ಟಿಯೇ ನನಗೆ ಒಗ್ಗಿದೆ. ಅದನ್ನು ಅಗಿಯದೆ ನುಂಗುವುದು ಸಾಧ್ಯವೇ ಇಲ್ಲ, ಊಟ ತಾನಾಗಿ ನಿಧಾನವಾಗುತ್ತದೆ. ಮೆತ್ತನೆಯದನ್ನು ಅವಸರದಲ್ಲಿ ತಿಂದರೆ ಉಂಡೆಯಾಗಿ ಎದೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಬಾಯಲ್ಲಿ ನೊರೆ ನೊರೆ ನೀರು ಬಂದು, ಕೊನೆಗೆ ವಾಂತಿ. ಅನ್ನ ಮುದ್ದೆಯಾದರೂ ಇದೇ ಕಾಟ. ತುತ್ತು ಹೆಬ್ಬೆರಳಿನ ಉಗುರಿನಷ್ಟು, ಪ್ರತಿ ತುತ್ತಿಗೆ 20ರಿಂದ 30 ಸಲ ಅಗಿಯುವುದು, ಊಟಕ್ಕೆ 20 ನಿಮಿಷ. ಅರ್ಧ ತಾಸು ಮೀರಿ ಕೂತರೆ ಅದೂ ತಪ್ಪು: ಮೊದಲು ತಿಂದದ್ದು ಕೆಳಗಿಳಿದು ಜಾಗವಾಗುತ್ತದೆ, ಮತ್ತೆ ಕೈ ತಾಟಿಗೆ ಹೋಗುತ್ತದೆ.

ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಒಂದು ಚಮಚ, ಅಳತೆಯ ಚಮಚ. ಸ್ಲೀವ್ ಆದವರಿಗೆ ಎದೆಯುರಿ ಬರುವುದು ಸಾಮಾನ್ಯ, ಕೆಂಪು ಖಾರದ ಹಿಂಡಿ ಅದನ್ನು ಹೆಚ್ಚಿಸುತ್ತದೆ. ಮೊಸರಿನಲ್ಲಿ ಕಲಸಿ ತಿಂದರೆ ತಡೆಯುತ್ತದೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ತಾಸು ಬಿಡುತ್ತೇನೆ.

ಇನ್ನು ಎರಡನೇ ವರ್ಷದಲ್ಲಿ ತೂಕ ಮರಳಿ ತರುವ ತಿನಿಸುಗಳು. ಅವು ಊಟದಲ್ಲಿಲ್ಲ, ಊಟಗಳ ನಡುವೆ ಇವೆ. ಸುಸಲಾ, ಚೂಡಾ, ಬಿಸ್ಕೀಟು, ಹುರಿದ ಶೇಂಗಾ, ಮಿರ್ಚಿ ಭಜಿ, ಸಕ್ಕರೆ ಚಹಾ. ಇವುಗಳನ್ನು ನಾನು ‘ಜಾರುವ ತಿನಿಸು’ ಎಂದೇ ಕರೆಯುತ್ತೇನೆ. ಬಾಯಲ್ಲಿ ಕರಗಿ, ಸಣ್ಣ ಜಠರದಲ್ಲಿ ನಿಲ್ಲದೆ ಜಾರಿಹೋಗುತ್ತವೆ, ಹೊಟ್ಟೆ ತುಂಬಿತು ಎಂಬ ಸಂದೇಶ ಬರುವುದೇ ಇಲ್ಲ. 100 ಗ್ರಾಂ ಕೋಳಿ ಮುಗಿಸಲು ತಿಣುಕುವ ಹೊಟ್ಟೆ ಒಂದು ತಾಟು ಚೂಡಾ ಸರಾಗವಾಗಿ ಒಳಗೆ ಬಿಡುತ್ತದೆ. 50 ಗ್ರಾಂ ಶೇಂಗಾದಲ್ಲಿ ಸುಮಾರು 280 ಕ್ಯಾಲೊರಿ ಇದೆ, ನನ್ನ ಇಡೀ ಮಧ್ಯಾಹ್ನದ ಊಟದಷ್ಟು. ಚಹಾ ದಿನಕ್ಕೆ ಐದು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ, ಹಾಲು ಬೇರೆ. ‘ಇನ್ನು ಮುಂದೆ ತಿನ್ನುವುದಿಲ್ಲ’ ಎಂಬ ನಿರ್ಧಾರ ಸಂಜೆ ಐದು ಗಂಟೆಗೆ ಉಳಿಯುವುದಿಲ್ಲ. ಡಬ್ಬಿ ಮನೆಯಲ್ಲಿ ಇಲ್ಲದಿರುವುದೇ ಉಳಿಯುತ್ತದೆ. ಮಕ್ಕಳಿಗೆಂದು ತಂದ ಚೂಡಾ ನನಗೆ ಕಾಣದ ಕಡೆ, ಮೇಲಿನ ಅಟ್ಟದಲ್ಲಿ. ಕೈಗೆ ಸಿಗುವಲ್ಲಿ ಪುಠಾಣಿ, ಅದೂ 20 ಗ್ರಾಮಿನ ಪೊಟ್ಟಣ ಕಟ್ಟಿಟ್ಟದ್ದು. ನಾಲ್ಕೂವರೆಯ ಉಸುಳಿ ತಪ್ಪದೆ ಇರುವುದೂ ಇದಕ್ಕೇ.

ನೀರಿನ ಮಾತು ಬೇಸಿಗೆಯಲ್ಲಿ ಬಹಳ ಮುಖ್ಯ. ಊಟದ ಜೊತೆ ಕುಡಿಯುವುದಿಲ್ಲ, ಊಟ ಮುಗಿದು ಅರ್ಧ ತಾಸು ಆಗುವವರೆಗೂ ಇಲ್ಲ. ಕುಡಿದರೆ ತಿಂದದ್ದು ಬೇಗ ತೊಳೆದುಹೋಗಿ ಹಸಿವಾಗುತ್ತದೆ. ಒಮ್ಮೆಗೇ ತಂಬಿಗೆ ಎತ್ತಿ ಗಟಗಟ ಕುಡಿಯಲು ಈ ಹೊಟ್ಟೆಗೆ ಆಗದು. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬಾಯಾರಿದಾಗ ಕುಡಿದರಾಯಿತು ಎಂದರೆ ತಡವಾಗಿಬಿಡುತ್ತದೆ. ಅರ್ಧ ಲೀಟರಿನ ಬಾಟಲಿ ಇಟ್ಟುಕೊಂಡು, ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಸಲ ಖಾಲಿ ಮಾಡುತ್ತೇನೆ, ಗುಟುಕು ಗುಟುಕಾಗಿ. ಒಂದು ಬಾಟಲಿ ಉಪ್ಪು ಜೀರಿಗೆ ಹಾಕಿದ ನೀರು ಮಜ್ಜಿಗೆ. ಮೂತ್ರ ಗಾಢ ಹಳದಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ನೀರು ಸಾಲದಾಗಿದೆ ಎಂದೇ ಅರ್ಥ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಹಳೆಯ ಡೋಸಿನಲ್ಲೇ ನಡೆದಿದ್ದರೂ ತಲೆ ತಿರುಗುತ್ತದೆ. ತೂಕ ಇಳಿದಂತೆ ಡೋಸು ಇಳಿಸಬೇಕೇ ಎಂದು ಡಾಕ್ಟರನ್ನು ಕೇಳಬೇಕು.

ವಿಟಮಿನ್ ಗುಳಿಗೆಗಳನ್ನು ಜನ ಮೊದಲು ಬಿಡುವುದೇ ಎರಡನೇ ವರ್ಷದಲ್ಲಿ, ‘ಈಗ ಆರಾಮ ಇದ್ದೇನೆ’ ಎಂದು. ಇವು ಜೀವನಪೂರ್ತಿ. ಮಲ್ಟಿವಿಟಮಿನ್ ನಾಷ್ಟಾದ ನಂತರ. ಕ್ಯಾಲ್ಸಿಯಂ ಸಿಟ್ರೇಟ್ ಒಮ್ಮೆಗೆ 500 ಮಿಲಿಗ್ರಾಂ, ಅದಕ್ಕಿಂತ ಹೆಚ್ಚು ದೇಹ ಒಂದೇ ಸಲಕ್ಕೆ ಸರಿಯಾಗಿ ಹೀರುವುದಿಲ್ಲ, ಹಾಗಾಗಿ ಮಧ್ಯಾಹ್ನ ಒಂದು, ಸಂಜೆ ಒಂದು. ಕಬ್ಬಿಣದ ಗುಳಿಗೆ ರಾತ್ರಿ; ಕ್ಯಾಲ್ಸಿಯಮ್ಮಿಗೂ ಅದಕ್ಕೂ ಎರಡು ತಾಸು ಅಂತರ ಬೇಕು, ಚಹಾ ಅದರ ಹತ್ತಿರ ಸುಳಿಯಬಾರದು. ಬಿ12, ಡಿ3 ಎಷ್ಟು ಎಂಬುದನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರು ಹೇಳುತ್ತಾರೆ. ಮೊದಲ ವರ್ಷ 3, 6, 12ನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ. ಅಂಗಾಲು ಜೋಮು ಹಿಡಿದಂತಾದರೆ ಬಿ12 ನೋಡಿಸಿ. ಕೆಲವು ದಿನ ಬಿಡದೆ ವಾಂತಿಯಾದರೆ ಮನೆಮದ್ದು ಮಾಡುತ್ತ ಕೂಡಬೇಡಿ. ಥಯಮಿನ್ (ಬಿ1 ವಿಟಮಿನ್) ಖಾಲಿಯಾಗಿ ನರಕ್ಕೂ ಮೆದುಳಿಗೂ ಪೆಟ್ಟಾಗುತ್ತದೆ, ಅದು ಆಸ್ಪತ್ರೆಯ ಕೆಲಸ. ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುವುದು ಮಾತ್ರ ಬಹುತೇಕರಿಗೆ ತಾತ್ಕಾಲಿಕ, ಪ್ರೋಟೀನು ಕಬ್ಬಿಣ ಸರಿಯಿದ್ದರೆ ಮತ್ತೆ ಬರುತ್ತದೆ.

ನಡಿಗೆ ಆಪರೇಷನ್ ಆದ ಮರುದಿನದಿಂದಲೇ ಶುರುವಾಗುತ್ತದೆ. ನಾನು ಬರೆಯುವುದು ಅದನ್ನು ಉಳಿಸಿಕೊಳ್ಳುವ ಬಗ್ಗೆ. ಮೊದಲ ತಿಂಗಳು ಹತ್ತು ಹತ್ತು ನಿಮಿಷ ದಿನಕ್ಕೆ ಮೂರು ಸಲ. ಆಮೇಲೆ ವಾರವಾರ ಐದು ನಿಮಿಷ ಏರಿಸುತ್ತ ಮೂರನೇ ತಿಂಗಳಿಗೆ ಒಮ್ಮೆಗೇ 45 ನಿಮಿಷ. ವಾರಕ್ಕೆ 150 ನಿಮಿಷ ಆರೋಗ್ಯಕ್ಕೆ ಸಾಕು, ಇಳಿದ ತೂಕ ನಿಲ್ಲಿಸಲು ಸಾಲುವುದಿಲ್ಲ; ಅದಕ್ಕೆ 250ರಿಂದ 300 ನಿಮಿಷ ಇಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಐದೂವರೆಗೆ ಹೊರಟು ಆರೂವರೆಯೊಳಗೆ ಮನೆ ಸೇರಬೇಕು. ಅಪ್ಪನ ಕೆರೆಯ ದಂಡೆ, ಪಬ್ಲಿಕ್ ಗಾರ್ಡನ್ ಎರಡೂ ಒಳ್ಳೆಯವು, ಆದರೆ ಮನೆಯಿಂದ ಹತ್ತು ನಿಮಿಷದೊಳಗೆ ತಲುಪುವ ಜಾಗವನ್ನೇ ಆರಿಸಿಕೊಳ್ಳಿ. ಗಾಡಿ ತೆಗೆದು ದೂರ ಹೋಗಬೇಕಾದ ನಡಿಗೆ ಮಳೆಗಾಲದಲ್ಲಿ ನಿಂತುಹೋಗುತ್ತದೆ. ಜೊತೆಗೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಮನಸ್ಸಿಲ್ಲದ ದಿನಕ್ಕೆ ನನ್ನ ನಿಯಮ: ಬೂಟು ಹಾಕಿಕೊಂಡು ಹತ್ತು ನಿಮಿಷ ನಡೆಯಲೇಬೇಕು, ಆಮೇಲೆ ಬೇಕಾದರೆ ತಿರುಗಿ ಬರಬಹುದು. ಹೆಚ್ಚಿನ ದಿನ ತಿರುಗುವುದಿಲ್ಲ.

ನಡಿಗೆಯೊಂದೇ ಸ್ನಾಯು ಕಾಯುವುದಿಲ್ಲ. ಗಾಯ ಮಾಗಿ, ಡಾಕ್ಟರು ಒಪ್ಪಿದ ಮೇಲೆ, ಸಾಮಾನ್ಯವಾಗಿ ಆರೆಂಟು ವಾರಕ್ಕೆ, ಬಲದ ವ್ಯಾಯಾಮ ಸೇರಿಸಬೇಕು. ಅಲ್ಲಿಯವರೆಗೆ 5 ಕಿಲೊಗಿಂತ ಭಾರ ಎತ್ತಬಾರದು. ತುಂಬಿದ ಕೊಡ 10 ಕಿಲೊ ದಾಟುತ್ತದೆ. ನಳ ಬಂದ ಅವಸರದಲ್ಲಿ ಹೆಣ್ಣುಮಕ್ಕಳು ಇದನ್ನೇ ಮರೆಯುತ್ತಾರೆ, ಗಾಯದ ಜಾಗದಲ್ಲಿ ಹರ್ನಿಯಾ ಆಗುವ ಭಯವಿದೆ. ನಾನು ಸೋಮವಾರ, ಗುರುವಾರ ಮನೆಯಲ್ಲೇ ಮಾಡುವುದು: ಖುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈ ಕೊಟ್ಟು ದಂಡ, ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿ ಎಳೆಯುವುದು, ಹಿಮ್ಮಡಿ ಎತ್ತುವುದು, ಲೀಟರ್ ಬಾಟಲಿ ಭುಜದ ಮೇಲಕ್ಕೆ ಎತ್ತುವುದು. ಪ್ರತಿಯೊಂದೂ ಹತ್ತತ್ತು ಸಲ, ಎರಡು ಸುತ್ತು. ಹತ್ತು ಸುಲಭವಾದಾಗ ಹನ್ನೆರಡು, ಆಮೇಲೆ ಮೂರನೇ ಸುತ್ತು. ಮೊಣಕಾಲು ನೋವೆಂದು ಔಷಧಿ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೇನ್ ತಂದು ನುಂಗಬಾರದು. ಬೈಪಾಸ್ ಆದವರಿಗಂತೂ (ಹೃದಯದ್ದಲ್ಲ, ಜಠರವನ್ನು ಸಣ್ಣ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವ ಆಪರೇಷನ್) ಅದು ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡುತ್ತದೆ.

ಹಬ್ಬಗಳಲ್ಲಿ ಎಳ್ಳಮಾವಾಸ್ಯೆ ನಮ್ಮಂಥವರಿಗೆ ಕಷ್ಟದ್ದಲ್ಲ. ಹೊಲದಲ್ಲಿ ಬಡಿಸುವ ಭಜ್ಜಿ ಕರಿದ ಭಜಿಯಲ್ಲ, ಪಲ್ಯ; ಅದರ ತುಂಬ ಕಾಯಿ ಕಾಳು ಇರುತ್ತವೆ. ಮೊದಲು ಅದು, ಆಮೇಲೆ ತುಣುಕು ಸಜ್ಜೆ ರೊಟ್ಟಿ, ಅಂಬಲಿ ಅರ್ಧ ತಾಸು ತಡೆದು. ಕಷ್ಟ ಇರುವುದು ಹೋಳಿಗೆ, ಹುಗ್ಗಿ, ಮಾಲಪುರಿಯಲ್ಲಿ. ಬೈಪಾಸ್ ಆದವರು ಬರಿಹೊಟ್ಟೆಯಲ್ಲಿ ಸಿಹಿ ತಿಂದರೆ ಅದು ನೇರ ಕರುಳಿಗೆ ಧುಮುಕಿ ಎದೆ ಡವಗುಟ್ಟುವುದು, ಬೆವರು, ಭೇದಿ ಶುರುವಾಗುತ್ತದೆ. ಸ್ಲೀವ್ ಆದವರಿಗೆ ಇದು ಕಡಿಮೆ, ಆದ್ದರಿಂದಲೇ ಸಿಹಿಯ ವಿಷಯದಲ್ಲಿ ಸ್ಲೀವ್ ಆದವರು ಹೆಚ್ಚು ಎಚ್ಚರ ಇರಬೇಕು. ನನ್ನದು ಕಾಲು ಹೋಳಿಗೆ, ಊಟದ ಕೊನೆಗೆ, ತುಪ್ಪ ಇಲ್ಲದೆ. ‘ಇನ್ನೊಂದ್ ಹಾಕ್ಕೊರಿ, ಎಷ್ಟ್ ಸೊರಗೀರಿ’ ಎನ್ನುವವರ ಮುಂದೆ ಬರಿ ತಾಟು ಇಟ್ಟುಕೊಂಡು ಕೂಡಬಾರದು. ತಾಟಿನಲ್ಲಿ ಏನಾದರೂ ಸ್ವಲ್ಪ ಉಳಿಸಿಕೊಂಡು, ‘ಇನ್ನೂ ಉಣ್ಣಾಕತ್ತೀನ್ರಿ’ ಎಂದರೆ ಮುಗಿಯಿತು. ಅವರು ಪ್ರೀತಿಯಿಂದಲೇ ಹೇಳುತ್ತಾರೆ, ಜಗಳ ಬೇಡ.

ತೂಕ ನೋಡುವುದು ವಾರಕ್ಕೊಮ್ಮೆ, ಭಾನುವಾರ ಮುಂಜಾನೆ, ಶೌಚ ಮುಗಿಸಿ, ಏನೂ ತಿನ್ನುವ ಮೊದಲು. ದಿನಾ ನೋಡಿದರೆ ನೀರು, ಉಪ್ಪಿನ ಏರಿಳಿತ ಮನಸ್ಸು ಕೆಡಿಸುತ್ತದೆ. ತೂಕದ ಪಕ್ಕದಲ್ಲೇ ಇನ್ನೆರಡು ಅಂಕಿ ಬರೆಯುತ್ತೇನೆ: ಹೊಕ್ಕಳ ಮಟ್ಟದ ಸುತ್ತಳತೆ, 30 ಸೆಕೆಂಡಿನಲ್ಲಿ ಖುರ್ಚಿಯಿಂದ ಎಷ್ಟು ಸಲ ಎದ್ದೆ ಎಂಬುದು. ಕಾಟಾ ನಿಂತ ತಿಂಗಳುಗಳಲ್ಲಿ ಇವೆರಡು ಮುಂದೆ ಸಾಗುತ್ತಿರುತ್ತವೆ, ಕೆಲಸ ನಡೆದಿದೆ ಎಂದು ಅವೇ ತೋರಿಸುತ್ತವೆ.

ಅತಿ ಕಡಿಮೆ ಮುಟ್ಟಿದ ತೂಕಕ್ಕಿಂತ 3 ಕಿಲೊ ಮೇಲೆ ನೋಟುಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿದ್ದೇನೆ. ಗೆರೆ ಮುಟ್ಟಿದರೆ ಎರಡು ವಾರ ಬಾಯಿಗೆ ಹೋದದ್ದನ್ನೆಲ್ಲ, ಚಹಾ ಸಮೇತ, ಹೊತ್ತು ಹಾಕಿ ಬರೆಯುವುದು. ಜಾರುವ ತಿನಿಸು ಪೂರ್ತಿ ಬಂದ್. ಪ್ರೋಟೀನು ಮತ್ತೆ ಗ್ರಾಮಿನಲ್ಲಿ ತೂಗುವುದು. ಎರಡು ವಾರಕ್ಕೂ ಇಳಿಯದಿದ್ದರೆ ಆ ನೋಟುಬುಕ್ಕು ಹಿಡಿದುಕೊಂಡೇ ಡಯೆಟಿಷಿಯನ್ ಮತ್ತು ಸರ್ಜನ್ ಹತ್ತಿರ ಹೋಗಬೇಕು. 3 ಕಿಲೊ ಏರಿದಾಗ ಹೋದರೆ ಊಟ ವ್ಯಾಯಾಮ ತಿದ್ದುವುದರಲ್ಲೇ ಮುಗಿಯುತ್ತದೆ; ನಾಚಿಕೆಪಟ್ಟು 15 ಕಿಲೊ ಏರುವವರೆಗೆ ತಡೆದರೆ ಎಂಡೋಸ್ಕೋಪಿ, ಔಷಧಿ, ಕೆಲವೊಮ್ಮೆ ಎರಡನೇ ಆಪರೇಷನ್‌ವರೆಗೂ ಮಾತು ಹೋಗುತ್ತದೆ.