ಗಿರಣಿಯ ಬೆಲ್ಟು ಜಾರುತ್ತಿದೆಯಾ? ಹೀಗೆ ಸರಿ ಮಾಡಿ

ದಾವಣಗೆರೆಯ ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ ಜೋಳ ಸುರಿದ ಕೂಡಲೇ ಬೆಲ್ಟು ಕೀರಲು ಶುರುವಾಗುತ್ತಿತ್ತು. ಜೊತೆಗೆ ಸುಟ್ಟ ರಬ್ಬರಿನ ವಾಸನೆ. ಎಲ್ಲರೂ ಮೋಟಾರನ್ನೇ ಬೈದರು. ಪಾಪ, ಮೋಟಾರು ಚೆನ್ನಾಗಿಯೇ ತಿರುಗುತ್ತಿತ್ತು. ಬೆಲ್ಟು ಜಾರುತ್ತಿದ್ದುದರಿಂದ ಅದರ ಶಕ್ತಿ ಕಲ್ಲಿಗೆ ತಲುಪದೆ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು.

ಮೊದಲು ವೇಗದ ಲೆಕ್ಕ ತಿಳಿದುಕೊಳ್ಳಿ. ಇಂಥ ಮೋಟಾರು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಅದಕ್ಕೆ 4 ಇಂಚಿನ ಪುಲ್ಲಿ (ಬೆಲ್ಟು ಓಡುವ ಗಾಲಿ), ಕಲ್ಲಿನ ಶಾಫ್ಟಿಗೆ 8 ಇಂಚಿನ ಪುಲ್ಲಿ ಹಾಕಿದರೆ ಕಲ್ಲಿನ ವೇಗ 720ಕ್ಕೆ ಇಳಿಯುತ್ತದೆ. ತಿರುಗಿಸುವ ಬಲ ಮಾತ್ರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಏರಿನಲ್ಲಿ ಬೈಕಿನ ಗೇರು ಇಳಿಸುತ್ತೀವಲ್ಲ, ಅದೇ ಲೆಕ್ಕ. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಇನ್ನೂ ನಿಧಾನವಾಗಿ, ಇನ್ನೂ ಜೋರಾಗಿ ಹಿಂಡಬೇಕು. ಅಲ್ಲಿ ಗೇರ್ ಬಾಕ್ಸೂ ಬೇಕಾಗುತ್ತದೆ. ಗಿರಣಿಗೆ ಬೆಲ್ಟೇ ಒಳ್ಳೆಯದು. ಕಾಳಿನ ಜೊತೆ ಮೊಳೆ ಬಂದು ಕಲ್ಲು ಹಿಡಿದುಕೊಂಡರೆ ಬೆಲ್ಟು ಜಾರಿ ಮೋಟಾರನ್ನು ಉಳಿಸುತ್ತದೆ.

ಈಗ ಕೆಲಸಕ್ಕೆ ಇಳಿಯೋಣ. ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಇದೊಂದನ್ನು ಯಾವತ್ತೂ ಬಿಡಬೇಡಿ. ಮೋಟಾರಿನ ಬೋಲ್ಟು ಸಡಿಲಿಸಿ, ಮೋಟಾರನ್ನು ಕಲ್ಲಿನ ಕಡೆಗೆ ತಳ್ಳಿ ಬೆಲ್ಟು ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬೆಲ್ಟಿನ ಒಳಗಿನ ದಾರ ಹರಿಯುತ್ತದೆ.

ಆಮೇಲೆ ಪುಲ್ಲಿಯಲ್ಲಿ ಬೆಲ್ಟು ಕೂರುವ ತೋಡನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು ನೋಡಿ. ವಿ ಬೆಲ್ಟು, ಅಂದರೆ ಕೆಳಗೆ ಕಿರಿದಾಗುವ ಇಂಗ್ಲಿಷ್ V ಆಕಾರದ ಬೆಲ್ಟು, ಹಿಡಿಯುವುದು ತೋಡಿನ ಎರಡು ಪಕ್ಕದ ಗೋಡೆಗಳನ್ನು. ತಳಕ್ಕೆ ಅದು ತಾಗಲೇಬಾರದು. ತಳ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೆಲ್ಟು ಕೆಳಗೆ ಕೂತಿದೆ ಎಂದೇ ಅರ್ಥ. ಬೆಲ್ಟು ಸವೆದಿದೆ, ಇಲ್ಲವೇ ಪುಲ್ಲಿ. ನಮ್ಮ ಬೀದಿಯ ಗಿರಣಿಯಲ್ಲಿ ಆಗಿದ್ದು ಇದೇ. ಹೊಸ ಬೆಲ್ಟು ತಂದು ಎಷ್ಟು ಬಿಗಿದರೂ ಜಾರುತ್ತಲೇ ಇತ್ತು. ಕೊನೆಗೆ ಪುಲ್ಲಿ ಬದಲಿಸಿದ ಮೇಲೆಯೇ ಸದ್ದು ನಿಂತಿದ್ದು.

ಎರಡು ಬೆಲ್ಟು ಓಡುವ ಕಡೆ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದು ಹಿಗ್ಗಿರುತ್ತದೆ, ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

ಎರಡೂ ಪುಲ್ಲಿಗಳ ಮುಖಕ್ಕೆ ಅಡ್ಡಲಾಗಿ ಒಂದು ದಾರ ಎಳೆದು ಹಿಡಿಯಿರಿ. ಅಂಚಿನ ದಪ್ಪ ಒಂದೇ ಇದ್ದರೆ ದಾರ ಒಂದೊಂದು ಪುಲ್ಲಿಗೆ ಎರಡರಂತೆ ನಾಲ್ಕೂ ಕಡೆ ತಾಗಬೇಕು. ಇಲ್ಲದಿದ್ದರೆ ಬೆಲ್ಟು ಒಂದೇ ಪಕ್ಕ ಸವೆಯುತ್ತದೆ.

ಮೋಟಾರನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿ. ಪುಲ್ಲಿಗಳ ನಡುವೆ ಒಂದು ಮೀಟರ್ ಇದ್ದರೆ, ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು ಸುಮಾರು 16 ಮಿಲಿಮೀಟರ್ ತಗ್ಗಿದರೆ ಸಾಕು. ಜಾಸ್ತಿ ಬಿಗಿದರೆ ಶಾಫ್ಟನ್ನು ಹಿಡಿದಿರುವ ಬೇರಿಂಗ್ ಬಿಸಿಯಾಗುತ್ತದೆ, ಬೇಗ ಹಾಳಾಗುತ್ತದೆ.

ಬೆಲ್ಟಿಗೆ ಜಾಲರಿ ಮುಚ್ಚಿದ ಮೇಲೆಯೇ ಫ್ಯೂಸ್ ಹಾಕಿ. ಸೆರಗು, ಟವೆಲ್ಲು ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು. ಹೊಸ ಬೆಲ್ಟು ಮೊದಲ ದಿನವೇ ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಮರುದಿನ ಬೆಳಿಗ್ಗೆ, ಮೊದಲ ಡಬ್ಬಿ ಜೋಳ ಬರುವ ಮುಂಚೆ, ಇನ್ನೊಮ್ಮೆ ಕರೆಂಟು ತೆಗೆದು ಹೆಬ್ಬೆರಳು ಒತ್ತಿ ನೋಡಿ.