ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್‌ನಲ್ಲಿ ಹಳೇ ಮರದ ಸ್ಯಾಂಪಲ್ ಡಿಜಿಟೈಸ್ ಮಾಡಿದ್ದು: ನನ್ನ ಅನುಭವ

ಮರದ ತುಂಡನ್ನ ಫ್ಲಾಟ್‌ಬೆಡ್ ಸ್ಕ್ಯಾನರ್ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡ್ತೀನಿ ಅಂದಾಗ ಡಿಪಾರ್ಟ್‌ಮೆಂಟಲ್ಲಿ ಎಲ್ಲಾ ನಕ್ಕಿದ್ರು. ಗಾಜು ಗೀರು ಬೀಳತ್ತೆ, ಫೋಕಸ್ ಬರಲ್ಲ, ಮೈಕ್ರೋಸ್ಕೋಪ್ ಕ್ಯಾಮೆರಾ ಇಲ್ದೆ ಏನ್ ಕಾಣತ್ತೆ ಅಂತ. ಈಗ ನಾನೂರು ಚಿಲ್ಲರೆ ತುಂಡು ಮುಗ್ದಿದೆ, ಬೀಟೆದು ಝೂಮ್ ಮಾಡಿದ್ರೆ ವೆಸೆಲ್ (ನೀರು ಸಾಗಿಸೋ ಕೊಳವೆ) ಸುತ್ತ ರೆಕ್ಕೆ ಥರ ಹರಡಿರೋ ಪ್ಯಾರೆಂಕೈಮಾ (ಆಹಾರ ಕೂಡಿಡೋ ಕೋಶಗಳು) ಸಲೀಸಾಗಿ ಕಾಣತ್ತೆ. ಅದಕ್ಕೇ ಬರೀತಿದೀನಿ.

ನಮ್ಮ ಕಾಲೇಜಿನ ಬೀರುವಲ್ಲಿದ್ದಿದ್ದು ಉತ್ತರ ಕನ್ನಡದ ಕಾಡಿನ ಮರಗಳು, ಲೇಬಲ್ ಮೇಲೆ ಇನ್ನೂ ‘ನಾರ್ತ್ ಕೆನರಾ’ ಅಂತಾನೇ ಇದೆ, ಅಂದ್ರೆ ಜಿಲ್ಲೆ ಬಾಂಬೆ ಕಡೆ ಇದ್ದ ಕಾಲದ್ದು. ಜೊತೆಗೆ ಎರಡು ಸಾವಿರದಷ್ಟು ಹರ್ಬೇರಿಯಂ ಶೀಟ್, ಅಂದ್ರೆ ಒಣಗಿಸಿದ ಗಿಡ ಅಂಟಿಸಿದ ಹಾಳೆ. ಒಂದು ಏಜೆನ್ಸಿ ಶೀಟಿಗೆ ತೊಂಬತ್ತೋ ನೂರೋ ರೂಪಾಯಿ ಹೇಳ್ತು, ಮರಕ್ಕೆ ರೇಟೇ ಹೇಳ್ಲಿಲ್ಲ, ಆಗಲ್ಲ ಸಾರ್ ಅಂತ ಕೈ ಚೆಲ್ಲಿದ್ರು.

ಮೊದ್ಲು ತಗೊಂಡಿದ್ದು ಹೊಸಾ ತೆಳು ಸ್ಕ್ಯಾನರ್, ಆರೇಳು ಸಾವಿರ. ಸಿಐಎಸ್ ಸೆನ್ಸರ್, ಅಂದ್ರೆ ಗಾಜಿಗೆ ಅಂಟಿಕೊಂಡಿದ್ದನ್ನ ಮಾತ್ರ ಸರಿಯಾಗಿ ಓದೋ ಥರದ್ದು. ಪೇಪರ್ ಆದ್ರೆ ಚೆನ್ನಾಗಿ ಬರತ್ತೆ, ಆದ್ರೆ ಮರ ಗಾಜಿಂದ ಒಂದು ಎಂಎಂ ಮೇಲೆದ್ರೂ ಎಲ್ಲಾ ಕಲಸಿಹೋಗತ್ತೆ, ಗರಗಸದಲ್ಲಿ ಕೊಯ್ದ ತುಂಡು ಯಾವ್ದು ತಾನೇ ಸಪಾಟಾಗಿರತ್ತೆ? ಅರ್ಧ ಬೆಲೆಗೆ ಮಾರ್ದೆ. ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಹುಡುಕಿ ಹುಡುಕಿ ದಪ್ಪ ಹಳೇ ಸಿಸಿಡಿ (ಕನ್ನಡಿ, ಲೆನ್ಸ್ ಮೂಲಕ ಓದೋ) ಸ್ಕ್ಯಾನರ್ ತಂದೆ, ಚೌಕಾಸಿ ಮಾಡಿ ನಾಕು ಸಾವಿರದ ಹತ್ರ. ಹೊಸ ವಿಂಡೋಸ್‌ಗೆ ಡ್ರೈವರ್ ಸಿಗ್ಲಿಲ್ಲ, ವ್ಯೂಸ್ಕ್ಯಾನ್ ಅನ್ನೋ ಸಾಫ್ಟ್‌ವೇರ್ ಹಾಕಿದ್ಮೇಲೆ ಎದ್ದು ಕೂತ್ಕೊಳ್ತು. ಸಿಸಿಡಿಗೆ ಡೆಪ್ತ್ ಇರತ್ತೆ, ಅಂದ್ರೆ ಗಾಜಿಂದ ಸ್ವಲ್ಪ ಮೇಲಿದ್ರೂ ಫೋಕಸ್ ಇರತ್ತೆ, ಇಡೀ ಗುಟ್ಟು ಅಷ್ಟೇ. ಗಾಜಿಗೆ ಗೀರು ಬೀಳ್ಬಾರ್ದು ಅಂತ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಹಾಸಿ ನೋಡ್ದೆ, ಮಂಜು ಮಂಜಾಗಿ ಬಂತು. ಕೊನೆಗೆ ಮದುವೆ ಕಾರ್ಡ್ ಕತ್ತರಿಸಿ ಫ್ರೇಮ್ ಮಾಡಿ ಅದರ ಮೇಲೆ ತುಂಡು ಕೂರಿಸ್ದೆ. ಅರ್ಧ ಎಂಎಂ ಎತ್ತರ, ಫೋಕಸ್ ಏನೂ ಹೋಗ್ಲಿಲ್ಲ.

2400 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ) ಸಾಕು, ಒಂದು ಪಿಕ್ಸೆಲ್ ಅಂದ್ರೆ ಹತ್ತು ಹನ್ನೊಂದು ಮೈಕ್ರಾನ್. ತೇಗದ ವರ್ಷದುಂಗುರ, ಸಾಲಾಗಿ ಕೂತ ದೊಡ್ಡ ವೆಸೆಲ್, ರೇ (ಮರದ ನಡುವಿಂದ ತೊಗಟೆ ಕಡೆ ಹೋಗೋ ಗೆರೆ) ಎಲ್ಲಾ ಬರತ್ತೆ. ಪಿಟ್ (ಕೋಶದ ಗೋಡೆಯ ಸಣ್ಣ ಕುಳಿ) ಕಾಣ್ಬೇಕು ಅನ್ನೋರು ಸ್ಲೈಡೇ ಮಾಡ್ಕೊಳ್ಳಿ. ಅದಕ್ಕಿಂತ ಮೇಲಿನ ಡಿಪಿಐನಲ್ಲಿ ಫೈಲ್ ದಪ್ಪ ಆಯ್ತೇ ಹೊರತು ಹೊಸದೇನೂ ಕಾಣ್ಲಿಲ್ಲ.

ನಿಜವಾದ ಖರ್ಚು ಸ್ಯಾಂಡ್‌ಪೇಪರ್. 120 ನಂಬರಿಂದ ಶುರು ಮಾಡಿ ನಯವಾದ 1200 ತನಕ, ಲೇಬಲ್ ಇಲ್ಲದ ತುದಿಯ ಒಂದು ಮೂಲೆ ಮಾತ್ರ ಉಜ್ಜೋದು. ಜಂಬೆ ಅಂತೂ ಗಟ್ಟಿ ಮರ, ಪೇಪರ್ ತಿನ್ನತ್ತೆ ಮಾರಾಯ್ರೆ, ಒಟ್ಟು ಲೆಕ್ಕದಲ್ಲಿ ಸ್ಕ್ಯಾನರ್‌ಗಿಂತ ಪೇಪರಿಗೇ ಜಾಸ್ತಿ ಹೋಯ್ತು. ಬೂರುಗ ಉಲ್ಟಾ, ಮೆತ್ತಗೆ, ಉಜ್ಜಿದ್ರೆ ನಾರೆದ್ದು ಹಾಳು, ನೀರು ಸವರಿ ಹೊಸ ಬ್ಲೇಡಲ್ಲಿ ಒಂದೇ ಎಳೆತಕ್ಕೆ ಕೊಯ್ಬೇಕು. ವೆಸೆಲ್ ಒಳಗೆ ಕೂತ ಧೂಳು ಊದಿದ್ರೂ ಹೋಗಲ್ಲ, ಅದಕ್ಕೆ ಏನ್ ಬಳಸ್ತೀನಿ ಅನ್ನೋದು ಇಲ್ಲಿ ಬರೆಯಲ್ಲ, ಅಡುಗೆಮನೇಲೇ ಸಿಗತ್ತೆ ಅಂತಷ್ಟೇ ಹೇಳ್ತೀನಿ.

ಇನ್ನು ಹರ್ಬೇರಿಯಂ ಶೀಟ್‌ಗಳನ್ನ ಸ್ಕ್ಯಾನರ್ ಮೇಲೆ ಬೋರಲು ಹಾಕೋ ಹಾಗೇ ಇಲ್ಲ, ಎಲೆ ಉದುರತ್ತೆ. ದೊಡ್ಡ ಹರ್ಬೇರಿಯಂಗಳಲ್ಲಿ ಸ್ಕ್ಯಾನರನ್ನೇ ತಲೆಕೆಳಗೆ ಮಾಡಿ ಶೀಟನ್ನ ಕೆಳಗಿಂದ ಎತ್ತೋ ಹರ್ಬ್‌ಸ್ಕ್ಯಾನ್ ಇರತ್ತೆ, ನಮಗೆಲ್ಲಿ ಅದು. ಮುಚ್ಚಿದ ಸ್ಟುಡಿಯೋ ಒಂದರ ಎನ್‌ಲಾರ್ಜರ್ (ಫೋಟೋ ದೊಡ್ಡದು ಮಾಡೋ ಯಂತ್ರ) ಸ್ಟ್ಯಾಂಡ್ ಗುಜರಿ ರೇಟಿಗೆ ಸಿಕ್ತು, ಅದಕ್ಕೆ 24 ಮೆಗಾಪಿಕ್ಸೆಲ್ ಕ್ಯಾಮೆರಾ ಕಟ್ಟಿದ್ರೆ ಪೂರ್ತಿ ಶೀಟಿಗೆ 360 ಡಿಪಿಐ ಹತ್ರ ಬರತ್ತೆ. ಟೈಪ್ ಸ್ಪೆಸಿಮೆನ್‌ಗೆ (ಜಾತಿಯ ಹೆಸರಿಗೇ ಆಧಾರವಾದ ಮೂಲ ಮಾದರಿಗೆ) 600 ಕೇಳ್ತಾರೆ ನಿಜ, ಆದ್ರೆ ನಮ್ಮಲ್ಲಿ ಟೈಪ್ ಒಂದೂ ಇಲ್ವಲ್ಲ. ಅಗ್ಗದ ಎಲ್‌ಇಡಿಯಲ್ಲಿ ಫೋಟೋ ತುಂಬಾ ಪಟ್ಟೆ ಪಟ್ಟೆ, ಶಟರ್ ನಿಧಾನ ಮಾಡಿದ್ಮೇಲೆ ಹೋಯ್ತು. ಒಂದು ವಿಷ್ಯ ಮರೀಬೇಡಿ, ಹಳೇ ಶೀಟಿಗೆ ಹುಳ ಹಿಡೀಬಾರ್ದು ಅಂತ ಮರ್ಕ್ಯುರಿಕ್ ಕ್ಲೋರೈಡ್ ಅನ್ನೋ ಪಾದರಸದ ವಿಷ ಬಳಿದಿರ್ತಾರೆ, ಗ್ಲೌಸ್ ಹಾಕಿ, ಕಿಟಕಿ ತೆಗ್ದಿಡಿ, ಅಲ್ಲಿ ಕೂತು ಮಂಡಕ್ಕಿ ತಿನ್ಬೇಡಿ.

ಲೇಬಲಿನ ಹೆಸರನ್ನ ಕಂಪ್ಯೂಟರಲ್ಲಿ ಟೈಪ್ ಮಾಡೋದು ಫೋಟೋಗಿಂತ ಮೂರು ಪಟ್ಟು ಟೈಮ್ ತಿಂತು. ಮತ್ತಿ ಮರ ಒಂದಕ್ಕೇ ಟೊಮೆಂಟೋಸಾ, ಅಲಾಟಾ, ಎಲಿಪ್ಟಿಕಾ ಅಂತ ಮೂರು ಥರದ ವೈಜ್ಞಾನಿಕ ಹೆಸರು, ಜಂಬೆ ಲೇಬಲಲ್ಲಿ ಕ್ಸೈಲಿಯಾ ಡೊಲಾಬ್ರಿಫಾರ್ಮಿಸ್ ಅಂತಿದ್ರೆ ಈಗ ಕ್ಸೈಲೋಕಾರ್ಪಾ. ಲೇಬಲಲ್ಲಿದ್ದಿದ್ದು ಒಂದು ಕಾಲಂ, ಈಗಿನದ್ದು ಪಕ್ಕದ ಕಾಲಂ, ಹಳೇದನ್ನ ಯಾವ ಕಾರಣಕ್ಕೂ ತಿದ್ದೋದಿಲ್ಲ.

ಮಧ್ಯೆ ಒಂದು ಚಟಕ್ಕೆ 365 ನ್ಯಾನೋಮೀಟರ್ ಯುವಿ ಟಾರ್ಚ್ ತಂದೆ, ಎಂಟುನೂರು ಇರ್ಬೇಕು. ಹೊನ್ನೆ ಮರದ ಚಕ್ಕೆ ನೆನೆಸಿಟ್ಟ ನೀರಿಗೆ ಅದರ ಬೆಳಕು ಬಿಟ್ರೆ ನೀಲಿ ಹೊಳಪು, ವಿದ್ಯಾರ್ಥಿಗಳು ಅದನ್ನೇ ಮುಗಿಬಿದ್ದು ನೋಡಿದ್ರು. ಸುಮ್ನೆ ಲೇಬಲ್‌ಗೂ ಹಿಡಿದ್ರೆ, ಪೂರ್ತಿ ಮಾಸಿಹೋಗಿದ್ದ, ಕಬ್ಬಿಣದ ಅಂಶ ಇರೋ ಹಳೇ ಶಾಯಿ ಕಪ್ಪಗೆ ಎದ್ದು ಬಂತು! ಓದಕ್ಕಾಗಲ್ಲ ಅಂತ ಬದಿಗಿಟ್ಟಿದ್ದ ಮೂವತ್ತು ನಲವತ್ತು ಲೇಬಲಲ್ಲಿ ಅರ್ಧಕ್ಕರ್ಧ ಊರಿನ ಹೆಸರು ಸಿಕ್ತು.

ಬಾಕಿ ಇರೋದು ಸ್ಪಿರಿಟ್ ಬಾಟಲಿಯೊಳಗಿನ ಹಣ್ಣುಗಳು. ಪೋಲರೈಸರ್ (ಹೊಳಪು ತಗ್ಗಿಸೋ ಫಿಲ್ಟರ್) ಹಾಕಿದ್ರೂ ದುಂಡು ಗಾಜಿನ ರಿಫ್ಲೆಕ್ಷನ್ ಹೋಗ್ತಿಲ್ಲ, ಯಾರಾದ್ರೂ ಮಾಡಿದ್ರೆ ಹೇಳಿ, ಧೂಳಿನ ಗುಟ್ಟು ಅದಕ್ಕೆ ಬದಲಿ ಕೊಡ್ತೀನಿ.