ಮೇಂಟೇನರ್‌ಗೆ ಸರ್ಟಿಫಿಕೇಟ್ ಬೀಗ ಹಾಕುವುದು ಹೇಗೆ, ಹಿತ್ತಲ ಬಾಗಿಲು ಮರೆಯದೆ

ರಾಯಚೂರಲ್ಲಿ ಕೂತು ಯುರೋಪಿನ ಒಂದು ಸಣ್ಣ ಹೋಸ್ಟಿಂಗ್ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಅವರ ಐಪಿ ವಿಳಾಸಗಳೆಲ್ಲ ರೈಪ್ (ಯುರೋಪ್ ಕಡೆಯ ಐಪಿ ವಿಳಾಸಗಳ ಲೆಕ್ಕ ಇಡುವ ರಿಜಿಸ್ಟ್ರಿ) ಡೇಟಾಬೇಸ್‌ನಲ್ಲಿವೆ. ಕಳೆದ ಬೇಸಿಗೆಯಲ್ಲಿ ಅವರ ಮೇಂಟೇನರ್, ಅಂದರೆ ಅಲ್ಲಿನ ದಾಖಲೆಗಳನ್ನು ಯಾರು ತಿದ್ದಬಹುದು ಅಂತ ಹೇಳುವ ದಾಖಲೆ, ತೆಗೆದು ನೋಡಿದೆ. ಕೆಲಸ ಬಿಟ್ಟು ಎರಡು ವರ್ಷವಾದ ಒಬ್ಬರ ಪಿಜಿಪಿ ಕೀ (ಡಿಜಿಟಲ್ ಸಹಿಯ ಕೀ) ಇನ್ನೂ ಅಲ್ಲೇ ಕೂತಿತ್ತು! ಆತ ಮನಸ್ಸು ಮಾಡಿದ್ದರೆ ಯಾವತ್ತು ಬೇಕಾದರೂ ಇವರ ರೂಟ್ ದಾಖಲೆಗಳನ್ನು (ಯಾವ ವಿಳಾಸಗಳನ್ನು ಯಾವ ನೆಟ್‌ವರ್ಕ್ ಸಾರುತ್ತೆ ಅನ್ನುವ ದಾಖಲೆಗಳು) ಅಳಿಸಬಹುದಿತ್ತು. ಪುಣ್ಯಕ್ಕೆ ಒಳ್ಳೆಯ ಮನುಷ್ಯ. ಅವತ್ತು ಸರ್ಟಿಫಿಕೇಟ್ (ಮೆಷಿನ್ ತನ್ನ ಗುರುತು ತೋರಿಸುವ ಡಿಜಿಟಲ್ ಚೀಟಿ) ಹಾಕೋಣ ಅಂತ ಕೂತವನು ಏನೇನು ಮಾಡಿದೆ ಅಂತ ಇಲ್ಲಿ ಬರೆದಿದ್ದೇನೆ.

ನೀವು ನಮ್ಮ ಕಡೆಯೇ ಇಂಟರ್‌ನೆಟ್ ಕೊಡುವವರಾದರೆ ನಿಮ್ಮ ವಿಳಾಸಗಳು ಐರಿನ್ (ಭಾರತದ ರಿಜಿಸ್ಟ್ರಿ) ಅಥವಾ ಎಪ್ನಿಕ್ (ಏಷ್ಯಾ-ಪೆಸಿಫಿಕ್ ರಿಜಿಸ್ಟ್ರಿ) ಹತ್ತಿರ ಇರುತ್ತವೆ. ಅಲ್ಲಿನ ಪೋರ್ಟಲ್ ಕ್ರಮ ಬೇರೆ. ಆದರೂ ಬೀಗದ ಲೆಕ್ಕ ಒಮ್ಮೆ ತಿಳಿದರೆ ಅಲ್ಲೂ ಉಪಯೋಗಕ್ಕೆ ಬರುತ್ತೆ.

ಮೊದಲು ಆ ಲೆಕ್ಕ. ಈ ಡೇಟಾಬೇಸ್ ಪಹಣಿ ಇದ್ದ ಹಾಗೆ. ಯಾರು ಬೇಕಾದರೂ ನೋಡಬಹುದು, ತಿದ್ದುವ ಅಧಿಕಾರ ಮಾತ್ರ ಎಲ್ಲರಿಗೂ ಇಲ್ಲ. ಪ್ರತಿ ದಾಖಲೆಯಲ್ಲಿ ಎಂಎನ್‌ಟಿ-ಬೈ ಅನ್ನುವ ಸಾಲು ಇರುತ್ತೆ, ಅದು ಒಂದು ಮೇಂಟೇನರ್ ಕಡೆಗೆ ಕೈ ತೋರಿಸುತ್ತೆ. ಆ ಮೇಂಟೇನರ್ ಒಳಗೆ ಆಥ್ ಸಾಲುಗಳು ಇರುತ್ತವೆ. ಅವೇ ಬೀಗಗಳು. ಪಿಜಿಪಿ ಕೀ, ಎಸ್‌ಎಸ್‌ಒ ಖಾತೆ (ರೈಪ್ ವೆಬ್‌ಸೈಟಿನ ಲಾಗಿನ್), ಎಕ್ಸ್509 ಸರ್ಟಿಫಿಕೇಟ್ (ನಾವು ಹಾಕುವುದು ಇದನ್ನೇ), ಹೀಗೆ. ಎಂಡಿ5 ಪಾಸ್‌ವರ್ಡ್ ಕೂಡ ಬಹಳ ವರ್ಷ ಇತ್ತು, ರೈಪ್‌ನವರು ಅದನ್ನು ಕೈಬಿಡುವ ದಾರಿ ಹಿಡಿದರು.

ಎಲ್ಲರೂ ಎಡವುವುದು ಇಲ್ಲೇ: ಐದು ಆಥ್ ಸಾಲು ಇದ್ದರೆ ಐದೂ ತೆರೆಯಬೇಕಿಲ್ಲ, ಯಾವುದಾದರೂ ಒಂದು ತೆರೆದರೆ ಸಾಕು. ಹಾಗಾಗಿ ಹೊಸ ಸರ್ಟಿಫಿಕೇಟ್ ಸೇರಿಸಿ ಹಳೆಯದನ್ನು ಹಾಗೇ ಬಿಟ್ಟರೆ ಬೀಗ ಗಟ್ಟಿಯಾಗಲಿಲ್ಲ, ಬಾಗಿಲು ಒಂದು ಜಾಸ್ತಿಯಾಯಿತು ಅಷ್ಟೆ.

ಇನ್ನು ಕೆಲಸ. ಓಪನ್‌ಎಸ್‌ಎಸ್‌ಎಲ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು, ದುಡ್ಡು ಕೊಟ್ಟು ಸರ್ಟಿಫಿಕೇಟ್ ಕೊಳ್ಳಬೇಡಿ. ನಾವೇ ಸಹಿ ಮಾಡಿಕೊಂಡ ಸರ್ಟಿಫಿಕೇಟ್ ನಡೆಯುತ್ತೆ. ಅದರ ರೆಕ್ (req) ಕಮಾಂಡಿಗೆ ಎಕ್ಸ್509 (-x509) ಆಯ್ಕೆ ಸೇರಿಸಿ, ಆರ್‌ಎಸ್‌ಎ 4096 ಬಿಟ್, 365 ದಿನ ಅಂತ ಕೊಡಿ. ಎರಡು ಫೈಲ್ ಬರುತ್ತವೆ. ಸರ್ಟಿಫಿಕೇಟ್ ಊರಿಗೆಲ್ಲ ತೋರಿಸಬಹುದು. ಪ್ರೈವೇಟ್ ಕೀ ಮಾತ್ರ ನಿಮ್ಮ ಮೆಷಿನ್ ಬಿಟ್ಟು ಹೋಗಬಾರದು: ಪಾಸ್‌ಫ್ರೇಸ್ ಹಾಕಿ, ಪರ್ಮಿಷನ್ 600 (ನಿಮ್ಮನ್ನು ಬಿಟ್ಟು ಬೇರೆಯವರು ಓದಲಾಗದ ಹಾಗೆ) ಮಾಡಿ, ವಾಟ್ಸಾಪಲ್ಲಿ ಕಳಿಸುವ ಯೋಚನೆಯನ್ನೂ ಮಾಡಬೇಡಿ.

ಗಡಿಯಾರ ಒಮ್ಮೆ ನೋಡಿ. ಶಕ್ತಿನಗರದಲ್ಲಿ ಹಗಲೂ ರಾತ್ರಿ ಕರೆಂಟ್ ಹುಟ್ಟುತ್ತೆ, ಹದಿನೆಂಟಿಪ್ಪತ್ತು ಕಿಲೋಮೀಟರ್ ದೂರದ ನಮ್ಮನೆಯಲ್ಲಿ ಹೋಗುತ್ತೆ, ಏನು ಮಾಡೋದು. ಬೋರ್ಡಿನ ಬ್ಯಾಟರಿ ಸತ್ತ ಹಳೇ ಮೆಷಿನ್ನಿನಲ್ಲಿ ಕರೆಂಟ್ ಬಂದ ಮೇಲೆ ತಾರೀಖು ಎಲ್ಲೋ ಇರುತ್ತೆ. ಅದರಲ್ಲಿ ಮಾಡಿದ ಸರ್ಟಿಫಿಕೇಟ್ ಹುಟ್ಟುವಾಗಲೇ ಅವಧಿ ಮುಗಿದಿರಬಹುದು. ನನಗೆ ಇದರಲ್ಲೇ ಒಂದು ಸಂಜೆ ಹೋಯಿತು.

ಮುಂದಿನದು ಕೀ-ಸರ್ಟ್ ದಾಖಲೆ, ಅಂದರೆ ನಿಮ್ಮ ಸರ್ಟಿಫಿಕೇಟನ್ನು ಡೇಟಾಬೇಸಿನಲ್ಲಿ ಇಡುವ ದಾಖಲೆ. ಹೆಸರಿನ ಜಾಗದಲ್ಲಿ ಆಟೋ-1 ಅಂತ ಬರೆಯಿರಿ, ನಂಬರ್ ಅವರೇ ಕೊಡುತ್ತಾರೆ. ಸರ್ಟಿಫಿಕೇಟಿನ ಪಠ್ಯವನ್ನು ಬಿಗಿನ್, ಎಂಡ್ ಗೆರೆಗಳ ಸಮೇತ ಸರ್ಟಿಫ್ ಸಾಲುಗಳಲ್ಲಿ ಹಾಕಿ. ಮೆಥಡ್, ಓನರ್, ಫಿಂಗರ್‌ಪ್ರಿಂಟ್ ಸಾಲುಗಳನ್ನು ಸಾಫ್ಟ್‌ವೇರೇ ತುಂಬುತ್ತೆ, ನೀವು ಮುಟ್ಟಬೇಡಿ. ಎಂಎನ್‌ಟಿ-ಬೈ ಜಾಗದಲ್ಲಿ ನೀವು ಕಾಯಬೇಕಾದ ಅದೇ ಮೇಂಟೇನರ್ ಇರಲಿ. ಯಾವುದೋ ಸಡಿಲ ಮೇಂಟೇನರ್ ಕೈಗೆ ಕೀ-ಸರ್ಟ್ ಕೊಟ್ಟರೆ, ಬೀಗ ನಿಮ್ಮದು, ಬೀಗದ ಕೈ ಪಕ್ಕದ ಮನೆಯವರದು ಅನ್ನುವ ಹಾಗಾಗುತ್ತೆ. ಕಳಿಸಿದ ಮೇಲೆ ಎಕ್ಸ್509, ಅದರ ಮುಂದೆ ಒಂದು ನಂಬರ್, ಹೀಗೊಂದು ಹೆಸರು ಬರುತ್ತೆ. ಅದನ್ನು ಮೇಂಟೇನರ್‌ನಲ್ಲಿ ಹೊಸ ಆಥ್ ಸಾಲಾಗಿ ಸೇರಿಸಿ. ಹಳೆಯ ಸಾಲುಗಳನ್ನು ಈಗಲೇ ತೆಗೆಯಬೇಡಿ.

ಇದನ್ನೆಲ್ಲ ಮೊದಲ ಸಲ ನೇರವಾಗಿ ನಿಜವಾದ ಡೇಟಾಬೇಸಿನಲ್ಲಿ ಮಾಡಲು ಕೈ ನಡುಗುತ್ತೆ ಅಲ್ವಾ? ರೈಪ್‌ನವರದ್ದೇ ಟೆಸ್ಟ್ ಡೇಟಾಬೇಸ್ ಇದೆ, ಅಲ್ಲಿ ಕೈ ಪಳಗಿಸಿಕೊಳ್ಳಿ. ಅಲ್ಲಿ ಹಾಕಿದ್ದನ್ನು ರಾತ್ರಿ ಅಳಿಸಿಬಿಡುತ್ತಾರೆ, ಬೆಳಿಗ್ಗೆ ಎದ್ದು ಹುಡುಕಬೇಡಿ.

ಈಗ ಪರೀಕ್ಷೆ. ಸರ್ಟಿಫಿಕೇಟ್ ಹಿಡಿದು ಬರುವವರಿಗೆ ರೆಸ್ಟ್-ಸರ್ಟ್ ಅಂತ ಶುರುವಾಗುವ ಬೇರೆ ವಿಳಾಸ ಇದೆ. ಕರ್ಲ್ ಅನ್ನುವ ಕಮಾಂಡಿಗೆ ಸರ್ಟಿಫಿಕೇಟ್ ಫೈಲ್, ಕೀ ಫೈಲ್ ಎರಡೂ ತೋರಿಸಿ, ಡ್ರೈ-ರನ್ ಸೇರಿಸಿ ಒಂದು ಸಣ್ಣ ತಿದ್ದುಪಡಿ ಕಳಿಸಿ. ಡ್ರೈ-ರನ್ ಅಂದರೆ ಸುಮ್ನೆ ತಪಾಸಣೆ, ಏನೂ ಬದಲಾಗುವುದಿಲ್ಲ. ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ ಕ್ರಮ) ಕೈಕುಲುಕುವಾಗಲೇ ನಿಮ್ಮ ಮೆಷಿನ್ ಪ್ರೈವೇಟ್ ಕೀಯಿಂದ ಸಹಿ ಮಾಡಿ ಗುರುತು ತೋರಿಸುತ್ತೆ, ಕೀ ಮಾತ್ರ ತಂತಿಯ ಮೇಲೆ ಹೋಗುವುದೇ ಇಲ್ಲ. ಮೊದಲೆಲ್ಲ ಇಮೇಲಿನಲ್ಲಿ ಪಾಸ್‌ವರ್ಡ್ ಬರೆದು ಕಳಿಸುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದೆಷ್ಟೋ ವಾಸಿ. ಪರೀಕ್ಷೆಯಲ್ಲಿ ಸರ್ಟಿಫಿಕೇಟ್ ಜೊತೆ ಬೇರೆ ಯಾವ ಗುರುತನ್ನೂ ಕೊಡಬೇಡಿ. ಕೊಟ್ಟರೆ ಯಾವುದು ಬಾಗಿಲು ತೆರೆಯಿತು ಅಂತ ಹೇಗೆ ಗೊತ್ತಾಗಬೇಕು?

ಅದು ಪಾಸಾದ ಮೇಲೆ ಹಳೆಯ ಆಥ್ ಸಾಲುಗಳಿಗೆ ಕೈ ಹಾಕಿ. ಒಂದೊಂದಾಗಿ ತೆಗೆಯಿರಿ, ಪ್ರತಿ ಸಲ ಮತ್ತೆ ಪರೀಕ್ಷೆ ಮಾಡಿ. ಒಂದೇ ಸರ್ಟಿಫಿಕೇಟ್ ಉಳಿಸಿಕೊಂಡು ಆ ಲ್ಯಾಪ್‌ಟಾಪ್ ಕೆಟ್ಟರೆ ನೀವೇ ಹೊರಗೆ ನಿಲ್ಲುತ್ತೀರಿ, ಆಮೇಲೆ ಕಂಪನಿಯ ಕಾಗದಪತ್ರ ಹಿಡಿದು ರಿಜಿಸ್ಟ್ರಿಯವರನ್ನು ಒಪ್ಪಿಸಬೇಕು. ಅದಕ್ಕೇ ಇನ್ನೊಬ್ಬ ಸಹೋದ್ಯೋಗಿಯ ಸರ್ಟಿಫಿಕೇಟ್ ಕೂಡ ಸೇರಿಸಿದ್ದೇನೆ. ಒಂದೇ ಕೀ ಇಬ್ಬರೂ ಹಂಚಿಕೊಳ್ಳಬಾರದು. ಹಂಚಿಕೊಂಡರೆ ಒಬ್ಬರು ಹೋದ ದಿನ ಇಬ್ಬರದೂ ಬದಲಿಸಬೇಕು.

ಆಮೇಲೆ ರೂಟ್ ದಾಖಲೆಗಳನ್ನೂ ಒಂದು ಸುತ್ತು ನೋಡಿ. ಎಂಎನ್‌ಟಿ-ಬೈ ಸಾಲು ಎರಡಿದ್ದರೆ ಅಲ್ಲೂ ಅದೇ ನಿಯಮ, ಯಾವುದಾದರೂ ಒಂದು ಮೇಂಟೇನರ್ ಒಪ್ಪಿದರೆ ಸಾಕು. ನಮ್ಮದರಲ್ಲಿ ಯಾವುದೋ ಕಾಲದ ಅಪ್‌ಸ್ಟ್ರೀಮ್ (ನಮಗೆ ಇಂಟರ್‌ನೆಟ್ ಕೊಡುತ್ತಿದ್ದ) ಕಂಪನಿಯ ಮೇಂಟೇನರ್ ಮೂರು ಕಡೆ ಸಿಕ್ಕಿತು. ಮೇಂಟೇನರ್‌ಗೇ ಯಾರು ಎಂಎನ್‌ಟಿ-ಬೈ ಅನ್ನುವುದನ್ನೂ ನೋಡಿ, ಅದು ಬೇರೆಯವರಾಗಿದ್ದರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ.

ಇನ್ನೊಂದು ಗೊಂದಲ ಜಾಸ್ತಿ ಜನ ಕೇಳುತ್ತಾರೆ. ಆರ್‌ಪಿಕೆಐನಲ್ಲೂ ಸರ್ಟಿಫಿಕೇಟ್ ಇದೆಯಲ್ಲ, ಇದೂ ಅದೇನಾ? ಅಲ್ಲ. ಈ ವಿಳಾಸಗಳು ಯಾರ ಪಾಲಿನವು ಅಂತ ಜಗತ್ತಿಗೆ ಹೇಳುವುದು ಆರ್‌ಪಿಕೆಐ. ನಮ್ಮದು ಬರೀ ಲಾಗಿನ್ ಬೀಗ. ಒಂದಿದೆ ಅಂತ ಇನ್ನೊಂದು ಬಿಡುವ ಹಾಗಿಲ್ಲ.

ಅವಧಿ ಮುಗಿಯುವ ಒಂದು ತಿಂಗಳು ಮೊದಲೇ ಫೋನಿನಲ್ಲಿ ನೆನಪೋಲೆ ಇಟ್ಟುಕೊಳ್ಳಿ. ಆಗ ಹೊಸ ಸರ್ಟಿಫಿಕೇಟ್, ಹೊಸ ಕೀ-ಸರ್ಟ್, ಹೊಸ ಆಥ್ ಸಾಲು, ಪರೀಕ್ಷೆ, ಹಳೆಯ ಸಾಲು ಔಟ್. ಹಳೆಯ ಕೀ-ಸರ್ಟ್ ಅಳಿಸುವುದು ಕೊನೆಗೆ, ಯಾಕೆಂದರೆ ಯಾವುದಾದರೂ ಮೇಂಟೇನರ್ ಅದನ್ನು ಇನ್ನೂ ಹೆಸರಿಸುತ್ತಿದ್ದರೆ ಡೇಟಾಬೇಸ್ ಅಳಿಸಲು ಬಿಡುವುದಿಲ್ಲ. ಎಲ್ಲೋ ಒಂದು ಕಡೆ ಹಳೆಯ ಸಾಲು ಮರೆತಿದ್ದೀರಿ ಅಂತ ನನಗೆ ಗೊತ್ತಾಗಿದ್ದೂ ಹಾಗೇ.